ತವರಿಗೆ ಹೋದ ಮಣ್ಣು

ನಮ್ಮ ಹಿತ್ತಿಲಿನ ಮಣ್ಣು ಮುನಿಸಿಕೊಂಡು ತವರಿಗೆ ಹೋದ ಸುದ್ದಿ ನನಗಿಂತ ಮೊದಲು ಓಣಿಗೆಲ್ಲ ಗೊತ್ತಾಗಿತ್ತು. ಬೆಳಿಗ್ಗೆ ನಾನು ಮುಖ ತೊಳೆಯಲೆಂದು ಹಿತ್ತಿಲ ಬಾಗಿಲು ತೆಗೆದು ಎಂದಿನಂತೆ ಕಾಲಿಟ್ಟರೆ ಕಾಲು ನೆಲವನ್ನೇ ಮುಟ್ಟಲಿಲ್ಲ. ಚೌಕಟ್ಟು ಹಿಡಿದುಕೊಂಡು ಕೆಳಗೆ ನೋಡಿದೆ. ನಮ್ಮವ್ವ ತನ್ನ ಕಾಲದಲ್ಲಿ ಬಂಡಿಗಟ್ಟಲೆ ತರಿಸಿ ಹಾಕಿಸಿದ ಕೆಂಪು ಮಣ್ಣು ಒಂದು ಹಿಡಿಯೂ ಉಳಿದಿರಲಿಲ್ಲ. ಬರೀ ಗರಸು ಕಲ್ಲು. ನಮ್ಮವರು ಬಚ್ಚಲ ಸುತ್ತ ಹಾಕಿಸಿದ್ದ ಸಿಮೆಂಟಿನ ಹಾಸು ಕೆಳಗೆ ಆಸರೆಯಿಲ್ಲದೆ ಗೋಡೆಗೆ ಅಂಟಿಕೊಂಡು ನಿಂತಿತ್ತು. ನಡುವೆ ಅವ್ವ ನೆಟ್ಟ ನಿಂಬೆಗಿಡ, ಸೀರೆ ಎತ್ತಿ ಹಿಡಿದು ಹಳ್ಳ ದಾಟುವವಳಂತೆ, ತನ್ನ ಬೇರುಗಳ ಮೇಲೆ ನಿಂತುಕೊಂಡಿತ್ತು.

ಗೋಡೆಯ ಆಚೆಯಿಂದ ಪಕ್ಕದ ಮನೆಯ ಕಾಶವ್ವನ ದನಿ ಬಂತು. "ನಂದಾ, ಎದ್ದೇನವಾ? ಗಾಬರಿ ಆಗಬ್ಯಾಡ. ನಿಮ್ಮಾಕಿ ನಮ್ಮನಿಗೆ ಬಂದಾಳ. ಆರಾಮ ಅದಾಳ."

ಗರಸಿಗೆ ಇಳಿದು ಗೋಡೆಗೆ ಮೂಗು ತಾಗಿಸಿ ಇಣುಕಿದೆ. ಕಾಶವ್ವನ ಕರಿ ಎರೆಮಣ್ಣಿನ ಹಿತ್ತಿಲಿನಲ್ಲಿ, ಬೇವಿನ ಮರದ ನೆರಳಿಗೆ, ನಮ್ಮ ಕೆಂಪು ಮಣ್ಣು ದಿಬ್ಬವಾಗಿ ಕುಳಿತಿತ್ತು. ಅದರ ಮೇಲೆ ಆಗಲೇ ನಾಲ್ಕಾರು ಒಣಗಿದ ಎಲೆ ಬಿದ್ದಿದ್ದವು. ಒಂದು ಕೋಳಿ ಅದನ್ನು ಕೆದರುತ್ತ ಹಳೆಯ ಗೆಳತಿಯ ಜೊತೆ ಮಾತಾಡುವಂತೆ ಕೊಕ್ ಕೊಕ್ ಎನ್ನುತ್ತಿತ್ತು. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಅಷ್ಟು ಹಗುರಾಗಿ ಆ ಮಣ್ಣು ಕುಳಿತದ್ದನ್ನು ನಾನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆಯಲ್ಲಿ ಕಿಚ್ಚು ಬಿದ್ದ ಹಾಗಾಯಿತು.

ನಮ್ಮ ಊರಿಗೆ ಇದು ಹೊಸದಲ್ಲ. ಬೇಸಿಗೆ ಬಂತೆಂದರೆ ಯಾರದಾದರೂ ಒಬ್ಬರ ಮನೆಯ ಮಣ್ಣು ಹೊರಟೇ ಹೊರಡುತ್ತದೆ. "ಯಾರ ಮನಿಗೆ ಹೋಗ್ಯಾಳ?" ಎಂದು ಜನ ಕೇಳುತ್ತಾರೆ, ಹೋದ ಮನೆಯೇ ಅವಳಿಗೆ ತವರು. ಆ ಮನೆಯವರು ಅಂದಿನಿಂದ ಬೀಗರ ಗತ್ತಿನಲ್ಲಿ ಓಡಾಡುತ್ತಾರೆ. ಕಳೆದುಕೊಂಡವರು ಮಡಿ ಉಟ್ಟುಕೊಂಡು, ತಟ್ಟೆಯಲ್ಲಿ ಉಡಿ ತುಂಬುವ ಸಾಮಾನು ಇಟ್ಟುಕೊಂಡು, ಹೆಂಡತಿಯನ್ನು ಕರೆಯಲು ಹೋದವರಂತೆಯೇ ಹೋಗಿ ಕರೆಯಬೇಕು. ಸಲಿಕೆ ಬುಟ್ಟಿ ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ಹಿಂದೊಮ್ಮೆ ಕೆಳಗಿನ ಓಣಿಯ ಕಂಟ್ರಾಕ್ಟರ್ ಟ್ರ್ಯಾಕ್ಟರಿನಲ್ಲಿ ತನ್ನ ಮಣ್ಣನ್ನು ಹೇರಿಕೊಂಡು ಬಂದಿದ್ದ. ಅವನು ಮೀಸೆ ತಿರುವಿ ಚಹಾ ಕುಡಿಯುವಷ್ಟರಲ್ಲಿ ಅದು ವಾಪಸು ಹೋಗಿ ಕುಳಿತಿತ್ತು. ಮತ್ತೆ ಇದಕ್ಕೆಲ್ಲ ಒಂದು ಗಡುವು ಉಂಟು. ಮುಂಗಾರಿನ ಮೊದಲ ಮಳೆಯಲ್ಲಿ ಮಣ್ಣು ಎಲ್ಲಿ ನೆನೆಯುತ್ತದೆಯೋ ಅಲ್ಲಿಯದೇ ಆಗಿಬಿಡುತ್ತದೆ. ಆಮೇಲೆ ತಲೆ ಕೆಳಗೆ ಮಾಡಿ ನಿಂತರೂ ಅದು ನಿಮ್ಮದಲ್ಲ.

ನಮ್ಮವರು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದವರು ನನ್ನ ಕೂಗಿಗೆ ಚಿಮಟ ಹಿಡಿದುಕೊಂಡೇ ಓಡಿ ಬಂದರು. ಕೆಳಗಿನ ಗರಸು ನೋಡಿದರು, ಬೇರುಗಳನ್ನು ನೋಡಿದರು, ಗೋಡೆಯಾಚೆ ನೋಡಿದರು. ಮುಖ ಗಂಜಿ ಹಾಕಿದ ಬಟ್ಟೆಯಂತೆ ಬಿಗಿಯಿತು.

"ಹೋಗಿ ಹೋಗಿ ಆ ಮುದುಕಿ ಮನಿಗೇನ?" ಎಂದರು.

ಅವರ ಸಂಕಟ ನಿಮಗೆ ತಿಳಿಯಬೇಕಾದರೆ ಅವರು ಎಂಥವರು ಎನ್ನುವುದನ್ನು ಹೇಳಬೇಕು. ಹೆಸರು ಅಡಿವೆಪ್ಪ. ಹೆಸರಿನಲ್ಲೇ ಅಡವಿ ಇದ್ದರೂ ಕಣ್ಣೆದುರು ಒಂದು ಎಲೆ ಬಿದ್ದಿದ್ದರೆ ಊಟ ಸೇರದ ಮನುಷ್ಯ. ನಮ್ಮೂರಿನ ಯಾರದೋ ಮದುವೆಯಲ್ಲಿ ಬೀಗರ ಬಟ್ಟೆಗೆ ಇಸ್ತ್ರಿ ಹಾಕಲು ಹೊರ ಊರಿನಿಂದ ಬಂದವರು, ಮದುವೆ ಮುಗಿದ ಮೇಲೂ ಉಳಿದುಬಿಟ್ಟರು. ಮುಖ ಒರೆಸಿದ ಟವೆಲನ್ನು ಕೂಡ ಮೂಲೆಗೆ ಮೂಲೆ ಕೂಡಿಸಿ ಮಡಚಿಡುವ ಹುಡುಗನನ್ನು ನೋಡಿ ನಮ್ಮವ್ವನಿಗೆ ಬಲು ಮೆಚ್ಚಿಗೆಯಾಯಿತು. ಅವಳಿಗಿದ್ದದ್ದು ನಾನೊಬ್ಬಳೇ, ಅವರಿಗೋ ಹಿಂದೆ ಮುಂದೆ ಯಾರೂ ಇರಲಿಲ್ಲ. ಮನೆ ಅಳಿಯ ಮಾಡಿಕೊಂಡಳು. ಹೀಗೆ ನಮ್ಮ ಮನೆಯಲ್ಲಿ ನನಗೆ ತವರೂ ಅತ್ತೆಮನೆಯೂ ಒಂದೇ ಆಯಿತು. ನಮ್ಮವರಿಗೆ ಇದೊಂದೇ ಮನೆ ಆಯಿತು. ಇಷ್ಟು ವರ್ಷವಾದರೂ ಓಣಿಯ ಹಿರಿಯರು ಅವರನ್ನು ಮಾತಾಡಿಸುವಾಗ "ನಿಮ್ಮ ಕಡೆ ಮಳಿ ಹೆಂಗೈತಿ?" ಎಂದೇ ಕೇಳುತ್ತಾರೆ. ಅವರ ಕಡೆ ಎನ್ನುವುದು ಎಲ್ಲಿದೆಯೋ ಅವರಿಗೇ ಗೊತ್ತಿಲ್ಲ.

ಅವ್ವ ಇರುವತನಕ ಹಿತ್ತಿಲು ಅವಳ ಕೈಯಲ್ಲಿತ್ತು. ಕಾಯಿಪಲ್ಲೆಯ ಸಿಪ್ಪೆ, ಅಕ್ಕಿ ತೊಳೆದ ನೀರು, ಉದುರಿದ ಎಲೆ, ಎಲ್ಲ ನಿಂಬೆಗಿಡದ ಬುಡಕ್ಕೇ. ಎರಡು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಚಾರ್ಜು ನಮ್ಮವರು ತೆಗೆದುಕೊಂಡರು. ಹಿತ್ತಿಲಿಗೂ ಇಸ್ತ್ರಿ ಶುರುವಾಯಿತು. ದಿನಕ್ಕೆ ಎರಡು ಸಲ ಕಸಬರಿಗೆ. ಇರುವೆ ಕಂಡರೆ ಪುಡಿ, ಹುಲ್ಲು ಕಂಡರೆ ಔಷಧಿ. ಊರವರ ಬಟ್ಟೆ ಒಗೆದ ಬ್ಲೀಚಿಂಗ್ ನೀರು ಹರಿದು ಹರಿದು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತು. ಅದನ್ನು ನೋಡಿ "ಎಷ್ಟ ಚೊಕ್ಕಟ ಆತು ನೋಡ" ಎಂದು ಖುಷಿಪಟ್ಟರು. ಕಾಶವ್ವನ ಬೇವಿನ ಮರದ ಒಂದು ಕೊಂಬೆ ನಮ್ಮ ಕಡೆ ಚಾಚಿದೆ. ಅದರ ಎಲೆ ಉದುರಿದಾಗಲೆಲ್ಲ ಗುಡಿಸಿ, ಮೊರದಲ್ಲಿ ತುಂಬಿ, "ನಿಮ್ಮ ಸಾಮಾನು ನಿಮಗ" ಎಂದು ಗೋಡೆಯಾಚೆ ಒಗೆಯುತ್ತಿದ್ದರು. ಬರಬರುತ್ತ ನಮ್ಮ ನಿಂಬೆಯ ಎಲೆಯೂ ಹೋಯಿತು, ನನ್ನ ಅಡಿಗೆಮನೆಯ ಸಿಪ್ಪೆಯೂ ಹೋಯಿತು. ನಾನು ಹೇಳಲಿಲ್ಲವೆಂದಲ್ಲ. ಹೇಳಿದಾಗೆಲ್ಲ "ನಿನಗ ಚೊಕ್ಕಟ ಅನ್ನೋದು ಗೊತ್ತಿಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಇನ್ನು ಕಾಶವ್ವ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಜೀವನ ಮಾಡುವ ಹೆಂಗಸು. ಬೆಳಗಿನಿಂದ ಸಂಜೆತನಕ ಹಂಚಿನ ಮುಂದೆಯೇ ಇರುತ್ತಾಳೆ. ಅವಳ ಹಿತ್ತಿಲಿಗೆ ಕಸಬರಿಗೆ ತಾಗಿದ್ದನ್ನು ಯಾರೂ ನೋಡಿಲ್ಲ. ಎಲೆ ಬಿದ್ದಲ್ಲೇ ಕೊಳೆಯುತ್ತದೆ, ಕುಂಬಳ ಬಳ್ಳಿ ತನ್ನಷ್ಟಕ್ಕೆ ಎದ್ದು ಬಚ್ಚಲ ಮಾಡು ಹತ್ತುತ್ತದೆ, ಕಪ್ಪೆ, ಓತಿ, ಜೇನುಹುಳ ಎಲ್ಲ ಬಾಡಿಗೆ ಇಲ್ಲದ ಸಂಸಾರ. ಇಂಥ ಮನೆಗೆ ನಮ್ಮ ಮಣ್ಣು ತಾನಾಗಿ ಹೋದದ್ದು ನಮ್ಮವರಿಗೆ ಕೆನ್ನೆಗೆ ಬಾರಿಸಿದಂತಾಗಿತ್ತು.

ಮರುದಿನವೇ ಕರೆಯಲು ಹೊರಟರು. ಹೊರಟ ಚೆಂದ ನೋಡಬೇಕಿತ್ತು! ಹಾಲಿನಂಥ ಧೋತರ, ಗೆರೆ ಮುರಿಯದ ಅಂಗಿ. ತಟ್ಟೆಯಲ್ಲಿ ಅರಿಷಿಣ ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ, ಕುಪ್ಪಸದ ಹಸಿರು ಖಣ. ಆ ಖಣಕ್ಕೂ ಇಸ್ತ್ರಿ ಹಾಕಿದ್ದರು. ಜೊತೆಗೆ ಹೆಗಲ ಮೇಲೆ ಬಿಳಿ ಗೊಬ್ಬರದ ಒಂದು ಚೀಲ. "ಇದ್ಯಾಕ್ರಿ?" ಎಂದರೆ, "ಉಡಿ ತುಂಬಾಕ. ಪ್ಯಾಟಿಯಿಂದ ತರಿಸಿದ್ದು, ಛಲೋ ಮಾಲು" ಎಂದರು. ಆ ಹುರುಪು ನೋಡಿ ನಾನು ಸುಮ್ಮನೆ ಹಿಂದೆ ನಡೆದೆ.

ಕಾಶವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ, ಹಿಟ್ಟಿನ ಕೈಯಲ್ಲೇ ಚಾಪೆ ಹಾಸಿದಳು. "ಬರ್ರಿ ಅಳ್ಯಾರ, ಕುಂದರ್ರಿ. ನಂದಾ, ನೀರ ಕೊಡವಾ ಅವರಿಗೆ."

"ಕುಂದರಾಕ ಬಂದಿಲ್ರಿ," ಎಂದರು ನಮ್ಮವರು. "ಆಕೀನ್ನ ಕರಕೊಂಡ ಹೋಗಾಕ ಬಂದೀನಿ."

"ಕರಕೊಂಡ ಹೋಗ್ರಿ, ನಾ ಏನ್ ಕೈ ಹಿಡಕೊಂಡೀನಿ? ಆಕಿ ಬಂದ್ರ ಸೈ." ಕಾಶವ್ವ ಸೆರಗು ಸರಿಮಾಡಿಕೊಂಡು ಬೀಗತಿಯ ಗತ್ತಿಗೆ ಬಂದಳು. "ಆದ್ರ ತವರಮನಿಯವರು ಒಂದ ಮಾತ ಕೇಳಬೇಕಲ್ಲ. ಏನ್ ಕಡಿಮಿ ಆಗಿತ್ತ ಆಕಿಗೆ?"

"ಏನೂ ಕಡಿಮಿ ಮಾಡಿಲ್ರಿ ನಾನು. ದಿನಾ ಎರಡ ಸಲ ಗುಡಿಸ್ತಿದ್ನಿ. ಮೈಮ್ಯಾಲೆ ಒಂದ ಕಡ್ಡಿ ಬಿಟ್ಟಿಲ್ಲ."

"ಅದನ್ನ ನೋಡೇನಿ," ಎಂದಳು ಕಾಶವ್ವ.

ನಮ್ಮವರು ಹಿತ್ತಿಲಿಗೆ ಹೋಗಿ ಮಣ್ಣಿನ ದಿಬ್ಬದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಖಣ ಹೊದಿಸಿದರು, ಅರಿಷಿಣ ಕುಂಕುಮ ಏರಿಸಿದರು. ಅಲ್ಲಿಯವರೆಗೆ ಮಣ್ಣು ಸುಮ್ಮನಿತ್ತು. ಚೀಲ ಬಿಚ್ಚಿ ಬಿಳಿ ಗೊಬ್ಬರ ಬೊಗಸೆ ತುಂಬ ಸುರಿದದ್ದೇ ತಡ, ಇಡೀ ದಿಬ್ಬ ಸರಕ್ಕನೆ ಹಿಂದೆ ಸರಿದು ಕಟ್ಟಿಗೆಯ ಒಟ್ಟಿಲಿನ ಆಚೆ ಹೋಗಿ ಕುಳಿತಿತು. ಖಣ ಅಲ್ಲೇ ಬಿದ್ದಿತ್ತು.

"ಅಳ್ಯಾರ," ಎಂದಳು ಕಾಶವ್ವ ನಗು ತಡೆಯುತ್ತ, "ಉಡಿ ತುಂಬಾಕ ಉಪ್ಪ ತಂದ್ರೇನು?"

"ಉಪ್ಪಲ್ಲರೀ ಅದು!"

"ಏನರ ಇರಲಿ. ನಾನೇನ ಶಾಣ್ಯಾಕಿ ಅಲ್ಲ, ನನಗ ಗುಡಿಸಾಕ ಹೊತ್ತ ಸಿಗೂದಿಲ್ಲ, ಅಷ್ಟ. ಆದ್ರ ನೀವ ದಿನಾ ಗ್ವಾಡಿ ಮ್ಯಾಲಿಂದ ಎಲಿ ಒಗೀತಿದ್ರಲ್ಲ, ಅದನ್ನ ಕಂಡೇನಿ. ಅದು ಆಕಿ ಸೆರಗ ಇತ್ತರೀ. ಮೊದಲ ಆಕಿ ಸೆರಗ ನಮ್ಮನಿಗೆ ಕಳಿಸಿದ್ರಿ, ಆಕಿ ಅದರ ಬೆನ್ನ ಹತ್ತಿ ಬಂದ್ಲು. ಬರೇ ತೆಲೀಲೆ ಬಿಸಲಾಗ ಎಷ್ಟ ದಿನ ಕುಂದರತಾಳ?"

ನಮ್ಮವರು ಬಿದ್ದ ಖಣವನ್ನು ಕೊಡವಿ ಮಡಚಿಕೊಂಡರು. ತಟ್ಟೆ ಎತ್ತಿಕೊಂಡು ಬಂದರು. ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಶಿವಮೂರ್ತೆಪ್ಪ ಮಾಸ್ತರರು, ಓಣಿಗೆಲ್ಲ ಹಿರಿಯರು, ಹಿತ್ತಿಲಿಗೆ ಹೊಳೆಯುವ ಫರಸಿ ಕಲ್ಲು ಹಾಸಿಸಿಕೊಂಡು ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು ಹೊದಿಸಿದವರು, "ಏನಪಾ ಅಡಿವೆಪ್ಪ, ಬರಲಿಲ್ಲೇನ? ಹೊರಗಿನವ್ರಿಗೆ ನಮ್ಮೂರ ಮಣ್ಣಿನ ಸ್ವಭಾವ ತಿಳಿಯೂದಿಲ್ಲ ಬಿಡು" ಎಂದರು. ಆ ಮಾತು ಎಲ್ಲಿ ತಾಗಿತೆಂದು ನನಗೆ ಗೊತ್ತಾಯಿತು.

ಆ ದಿನ ನಮ್ಮವರು ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ. ಹಿತ್ತಿಲ ಹೊಸ್ತಿಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ನಾನು ಗೋಣಿಚೀಲ ನೆನೆಸಿ ನಿಂಬೆಯ ಬೇರುಗಳಿಗೆ ಸುತ್ತುತ್ತಿದ್ದೆ. ಎಲೆಗಳ ಅಂಚು ಆಗಲೇ ಹಳದಿಗೆ ತಿರುಗಿತ್ತು. ಆ ಗಿಡ ನಾನು ಹುಟ್ಟಿದ ವರ್ಷ ಅವ್ವ ನೆಟ್ಟದ್ದು. ಓಣಿಯ ಬಾಣಂತಿಯರ ಉಪ್ಪಿನಕಾಯಿಗೆಲ್ಲ ಅದರದ್ದೇ ಹಣ್ಣು. ಮಳೆಗೆ ಮುಂಚೆ ಮಣ್ಣು ಬರದಿದ್ದರೆ ಅದು ಉಳಿಯುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಡೆಗೆ ಅವರೇ ಅಂದರು. "ಸಿಟ್ಟ ಬಂದ್ರ ಮಣ್ಣಿಗೂ ಹೋಗಾಕ ಒಂದ ತವರ ಐತಿ ನೋಡ ನಂದಾ. ನನಗ ಅದೂ ಇಲ್ಲ."

ನಾನು ಕೈಯ ಚೀಲ ಬಿಟ್ಟು ಅವರ ಪಕ್ಕಕ್ಕೆ ಹೋಗಿ ಕುಳಿತೆ. ಆಗ ಹೇಳಿದರು, ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು. ಅವರು ಬೆಳೆದದ್ದು ಅನಾಥ ಹುಡುಗರ ಒಂದು ಬೋರ್ಡಿಂಗಿನಲ್ಲಿ. ಒಂದು ಚಾಪೆ, ಒಂದು ಟ್ರಂಕು, ಗೋಡೆಯ ಪಕ್ಕ ಮೊಳ ಜಾಗ. ಚಾಪೆಯ ಸುತ್ತ ಕಸ ಕಂಡರೆ ಅಲ್ಲಿಯವರು ಎರಡು ಸಲ ಹೇಳುತ್ತಿದ್ದರು, ಮೂರನೆಯ ಸಲ ಟ್ರಂಕನ್ನು ಹೊರಗಿಡುತ್ತಿದ್ದರು. ಚೊಕ್ಕಟ ಇದ್ದವರಿಗೆ ಮಾತ್ರ ಜಾಗ. "ಇದು ನಿಮ್ಮವ್ವ ಕೊಟ್ಟ ಜಾಗ. ಕಸ ಬಿದ್ದರ ಎಲ್ಲಿ ಹೋದೀತೋ ಅಂತ..." ಎಂದು ನಿಲ್ಲಿಸಿದರು. ಇಷ್ಟು ದಿನ ನಾನು ಅವರ ಕಸಬರಿಗೆಯನ್ನು ನೋಡಿ ನಗುತ್ತಿದ್ದೆನಲ್ಲ, ಅವತ್ತು ನಗು ಬರಲಿಲ್ಲ. ಈ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯ ಹೊಸದರಲ್ಲೂ ಇರಲಿಲ್ಲ.

"ಇಲ್ಲಿ ಯಾರ ಟ್ರಂಕನ್ನೂ ಯಾರೂ ಹೊರಗ ಇಡೂದಿಲ್ರಿ," ಎಂದೆ. "ಏಳ್ರಿ. ಕಾಶವ್ವ ಸೆರಗ ಅಂದ್ಲಲ್ಲ, ಅದನ್ನ ಕೇಳಿಕೊಂಡ ಬರ್ರಿ."

ಹೋದರು. ಗೋಡೆಯ ಬಳಿ ನಿಂತು ಗಂಟಲು ಸರಿಮಾಡಿಕೊಂಡು, "ಅತ್ತಿಯಾರ, ನಮ್ಮ ಎಲಿ ನಮಗ ವಾಪಸ್ ಕೊಡ್ರಿ" ಎಂದರು. ಆಚೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಮೇಲೆ ಕಾಶವ್ವ ನಕ್ಕ ನಗು ಮೂರು ಮನೆಯಾಚೆ ಕೇಳಿತಂತೆ. ನಕ್ಕು ಮುಗಿಸಿ ಬುಟ್ಟಿ ಬುಟ್ಟಿ ಒಣ ಎಲೆ ಗೋಡೆಯ ಮೇಲಿಂದ ಸುರಿದಳು. ಅರ್ಧ ಅವರ ತಲೆಯ ಮೇಲೆಯೇ ಬಿತ್ತು. ನಮ್ಮವರು ಅದನ್ನು ಕೊಡವಿಕೊಳ್ಳಲಿಲ್ಲ.

ಇನ್ನು ಅವರ ಕೆಲಸ ನೋಡಿ. ಹಾರೆ ತೆಗೆದುಕೊಂಡು ತಾವೇ ಹಾಕಿಸಿದ ಸಿಮೆಂಟನ್ನು ಒಡೆದು ಹಾಕಿದರು. ನೀರು ಇಂಗಲಿ ಎಂದು ಬಚ್ಚಲ ಕಾಲುವೆಯನ್ನು ನಿಂಬೆಯ ಕಡೆಗೆ ತಿರುಗಿಸಿದರು. ಗರಸಿನ ಮೇಲೆ ಎಲೆ ಹಾಸಿದರು. ಹಾಸಿದ್ದಾದರೂ ಹೇಗೆ! ಅಂಗಿಯ ಕೊರಳಪಟ್ಟಿ ತೀಡುವವರಂತೆ ಅಂಗೈಯಿಂದ ಒಂದೊಂದನ್ನೂ ಸಮ ಮಾಡಿ, ಅಂಚಿಗೆ ಅಂಚು ಕೂಡಿಸಿ. "ಅದು ಎಲಿ ಐತ್ರಿ, ಧೋತರ ಅಲ್ಲ" ಎಂದೆ. "ಒಮ್ಮೆಗೇ ಎಲ್ಲಾ ಬಿಡು ಅಂದ್ರ ಆಗೂದಿಲ್ಲ" ಎಂದರು. ಹೀರೇಕಾಯಿಯ ಸಿಪ್ಪೆ, ಬಾಳೆಯ ಸಿಪ್ಪೆ, ಚಹಾದ ಗಸಿ, ನಾನು ಕೊಟ್ಟದ್ದೆಲ್ಲ ಎಲೆಯ ಅಡಿಗೆ ಸೇರಿತು. ಇರುವೆಯ ಪುಡಿ ಮತ್ತು ಹುಲ್ಲಿನ ಔಷಧಿಯ ಡಬ್ಬಿಗಳನ್ನು ಗಟ್ಟಿಯಾಗಿ ಮುಚ್ಚಿ, ತಂದ ಅಂಗಡಿಗೇ ಹಿಂದಕ್ಕೆ ಕೊಟ್ಟು ಬಂದರು.

ಹೆಣ್ಣು ಕೊಡುವವರು ಮನೆ ನೋಡಲು ಯಾರನ್ನಾದರೂ ಕಳಿಸುವುದು ರೂಢಿ. ಮಣ್ಣಿನ ಕಡೆಯಿಂದ ಬರುವುದು ಕಪ್ಪೆ. ನಮ್ಮೂರಲ್ಲಿ ಅದಕ್ಕೆ ಸೋದರಮಾವ ಎನ್ನುತ್ತಾರೆ. ಒಂದು ಬೆಳಿಗ್ಗೆ ಗೋಡೆಯ ಕೆಳಗಿನ ಮೋರಿಯ ಕಿಂಡಿಯಿಂದ ಅಂಗೈ ಗಾತ್ರದ, ಗಂಟು ಗಂಟು ಮೈಯ ಒಂದು ಕಪ್ಪೆ ಈಚೆ ಬಂದು ಕುಳಿತಿತು. ನಮ್ಮವರಿಗೆ ಕಪ್ಪೆಯೆಂದರೆ ಜೀವ ಬಾಯಿಗೆ ಬರುತ್ತದೆ. ಆದರೂ ಬಾಗಿಲಿಗೆ ಆನಿಕೊಂಡು ನಿಂತು, ನಡುಗುವ ದನಿಯಲ್ಲಿ, "ಬರ್ರಿ ಮಾವಾರ, ಹಿಂಗ ಬರ್ರಿ, ಸಾವಕಾಶ ನೋಡ್ರಿ" ಎಂದರು. ಮಾವಾರು ಎಲೆಯ ಹಾಸಿಗೆಯ ಮೇಲೆ ಒಂದು ಸುತ್ತು ಕುಪ್ಪಳಿಸಿದರು. ನಿಂಬೆಯ ಬುಡದಲ್ಲಿ ಕುಳಿತು ಗಂಟಲು ಅಲುಗಿಸಿದರು. ಒಂದು ಹುಳ ಹಿಡಿದು ನುಂಗಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಕಡೆಗೆ ನೀರು ಹರಿಯುವ ಕಾಲುವೆಗೆ ಒಂದು ಕಾಲಿಟ್ಟರು, ಕೆಂಡ ತುಳಿದವರಂತೆ ಎಗರಿ, ತಿರುಗಿಯೂ ನೋಡದೆ ಕಿಂಡಿಯೊಳಗೆ ಮಾಯವಾದರು.

ಕಾಲುವೆಯಲ್ಲಿದ್ದದ್ದು ಬ್ಲೀಚಿಂಗ್ ನೀರು.

ನಮ್ಮವರು ನೀರನ್ನೇ ನೋಡುತ್ತ ನಿಂತರು. ಸಿಮೆಂಟು ಒಡೆಯುವುದು ಬೇರೆ, ಇದು ಬೇರೆ. ಊರಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಬಿಳುಪಿನ ಮೇಲೆ ನಿಂತಿತ್ತು. ಅಡಿವೆಪ್ಪನ ಕೈಯಲ್ಲಿ ಒಗೆಸಿದ ಧೋತರವನ್ನು ಹತ್ತು ಜನರ ನಡುವೆ ಗುರುತಿಸಬಹುದು ಎನ್ನುತ್ತಿದ್ದರು. ಹೊರಗಿನವರೆಂದು ಜರೆಯುವ ಮಾಸ್ತರರೂ ಆ ಬಿಳುಪಿಗಾಗಿ ಅವರ ಬಾಗಿಲಿಗೆ ಬರುತ್ತಿದ್ದರು. ಅದನ್ನು ಬಿಟ್ಟರೆ ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಏನು ಉಳಿಯಿತು? ಅದು ಅವರೇ ಬಿಡಬೇಕಾದದ್ದು.

ಮಧ್ಯಾಹ್ನ ಊಟಕ್ಕೆ ಕುಳಿತಾಗ, "ಅಂಟವಾಳಕಾಯಿ ಎಲ್ಲಿ ಸಿಗತಾವ?" ಎಂದು ಕೇಳಿದರು. ಅಷ್ಟೇ.

ಅಂದಿನಿಂದ ಬ್ಲೀಚಿಂಗ್ ಡಬ್ಬಿ ಮುಟ್ಟಲಿಲ್ಲ. ಅಂಟವಾಳಕಾಯಿ ಕುದಿಸಿ ಒಗೆದರು. ಬಟ್ಟೆ ಚೊಕ್ಕಟವಾಗುತ್ತಿತ್ತು, ಆದರೆ ಕಣ್ಣು ಕುಕ್ಕುವ ಬಿಳುಪು ಬರುತ್ತಿರಲಿಲ್ಲ. ಮಾಸ್ತರರು ಧೋತರವನ್ನು ಬಿಸಿಲಿಗೆ ಹಿಡಿದು, "ಏನಪಾ ಇದು, ಕೆನಿ ಬಣ್ಣ ಆಗೇತಿ?" ಎಂದು ಮುಖ ಸಿಂಡರಿಸಿದರು. "ಇನ್ನ ಮ್ಯಾಲ ಇದ ಬಣ್ಣರೀ" ಎಂದರು ನಮ್ಮವರು. ಮಾಸ್ತರರು ಆ ವಾರವೇ ಬಟ್ಟೆಯನ್ನು ಬೇರೆ ಕಡೆ ಕೊಟ್ಟರು. ಅವರ ಹಿಂದೆ ಇನ್ನಷ್ಟು ಜನ ಹೋದರು. ನಮ್ಮವರು ಸಂಜೆ ಮಾಡಿಗೆ ಸಿಕ್ಕಿಸಿದ ಖಾಲಿ ಹಗ್ಗ ನೋಡುತ್ತಿದ್ದರು, ಆಮೇಲೆ ಆಕಾಶ ನೋಡುತ್ತಿದ್ದರು. ಪಡುವಣದಲ್ಲಿ ದಿನದಿನಕ್ಕೂ ಮೋಡ ಗಟ್ಟಿಯಾಗುತ್ತಿತ್ತು. ನಿಂಬೆಯ ಎಲೆ ಮುಟ್ಟಿದರೆ ಉದುರತೊಡಗಿತ್ತು. ಮಾವಾರು ಮಾತ್ರ ಇನ್ನೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಗಾಳಿ ಎದ್ದಿತು. ಕಾಶವ್ವನ ಬೇವು ಎಲೆಯನ್ನೆಲ್ಲ ನಮ್ಮ ಕಡೆ ತೂರಿತು. ಮಣ್ಣು ನೆನೆದ ವಾಸನೆ ಎಲ್ಲಿಂದಲೋ ಬಂತು. ದೂರದ ಊರಲ್ಲಿ ಮಳೆ ಬಿದ್ದಾಗಿತ್ತು. ನಮ್ಮವರು ಆಗಷ್ಟೇ ಬಟ್ಟೆಗೆ ಗಂಜಿ ಹಾಕಿ ಮುಗಿಸಿದ್ದರು. ಬೋಗುಣಿಯಲ್ಲಿ ಅನ್ನದ ಗಂಜಿ ಅರ್ಧ ಉಳಿದಿತ್ತು. ಮೊದಲಾಗಿದ್ದರೆ ಅದನ್ನು ಗಟಾರಕ್ಕೆ ಚೆಲ್ಲಿ ಬೋಗುಣಿ ತಿಕ್ಕುತ್ತಿದ್ದರು. ಅವತ್ತು ಅದನ್ನು ಎತ್ತಿಕೊಂಡು ಹೋಗಿ ನಿಂಬೆಯ ಬುಡದ ಎಲೆಗಳ ಮೇಲೆ ನಿಧಾನವಾಗಿ ಸುರಿದರು. ಸುರಿದು ಗೋಡೆಯ ಹತ್ತಿರ ಹೋಗಿ ನಿಂತರು. ತಟ್ಟೆ ಇರಲಿಲ್ಲ, ಖಣ ಇರಲಿಲ್ಲ. ಮೈಮೇಲೆ ಕೆನೆ ಬಣ್ಣದ ಧೋತರ.

"ನೋಡವಾ," ಎಂದರು ಗೋಡೆಯಾಚೆಗೆ. "ನಾ ಹೊರಗಿನಾಂವ. ಉಡಿ ತುಂಬೂದು ನನಗ ಬರಲಿಲ್ಲ. ನನಗ ಬರೂದು ಗಂಜಿ ಹಾಕೂದು ಒಂದ. ಅದನ್ನ ಹಾಕೀನಿ. ಉಂಡ ಹೋಗ ಬಾ. ಇರತೀ ಅಂದ್ರ ಇರು, ಒಲ್ಲೆ ಅಂದ್ರ ತಿರುಗಿ ಹೋಗು, ಬ್ಯಾಡ ಅನ್ನೂದಿಲ್ಲ. ನನಗೂ ಇದ ಮನಿ, ಬ್ಯಾರೆ ಇಲ್ಲ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಗೋಡೆಯಾಚೆ ಕಾಶವ್ವ ಕೂಡ ರೊಟ್ಟಿ ಬಿಟ್ಟು ಹೊರಗೆ ಬಂದು ನಿಂತಿದ್ದಳು.

ಮೊದಲು ಬಂದದ್ದು ಸೋದರಮಾವ. ಕಿಂಡಿಯಿಂದ ಕುಪ್ಪಳಿಸಿ ನೇರವಾಗಿ ಕಾಲುವೆಗೇ ಇಳಿಯಿತು, ನೀರಿನಲ್ಲಿ ಹೊಟ್ಟೆ ಊರಿ ಕುಳಿತಿತು, ಏಳಲಿಲ್ಲ. ಅದರ ಹಿಂದೆಯೇ ಕಿಂಡಿಯ ಬಾಯಲ್ಲಿ ಕೆಂಪು ಕಾಣಿಸಿತು. ಕಾಶವ್ವ ಆಚೆಯಿಂದ, "ತಡಿಯವಾ, ತಡಿ, ಬರೇ ಉಡೀಲೆ ಹೋಗ್ತಾರೇನ ತವರಿಂದ?" ಎಂದು ತನ್ನ ಎರೆಮಣ್ಣನ್ನು ಬೊಗಸೆ ಬೊಗಸೆ ತುಂಬಿ ಅದರ ಮೇಲೆ ಹಾಕುತ್ತಿದ್ದದ್ದು ಕೇಳಿಸಿತು. "ಹೋಗಿ ಬಾ ನನ್ನವ್ವಾ" ಎಂದಳು. ಮಣ್ಣು ಬಂತು. ಎಲೆಯ ಅಡಿಗೆ ಅಡಿಗೆ ಹರಿದು, ಗಂಜಿ ಬಿದ್ದ ಕಡೆ ಒಂದಿಷ್ಟು ನಿಂತು, ನಿಂಬೆಯ ಬೇರುಗಳನ್ನು ಒಂದೊಂದಾಗಿ ಮುಚ್ಚಿ, ನಮ್ಮವರ ಪಾದ ಮುಚ್ಚಿ, ಕಾಲಿನ ಹರಡು ಮುಚ್ಚಿತು. ಧೋತರದ ಅಂಚೆಲ್ಲ ಕೆಂಪಾಯಿತು. ಅವರು ಕಾಲು ಕೀಳಲಿಲ್ಲ. ಹೊಸ್ತಿಲಿನ ಮಟ್ಟಕ್ಕೆ ಹಿತ್ತಿಲು ತುಂಬುವುದಕ್ಕೂ ಮೊದಲ ಹನಿ ಅವರ ಬೋಳು ತಲೆಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ, ಮಣ್ಣಿನ ಜೊತೆಗೆ ತಾವೂ ನೆನೆದರು.

ಮಳೆ ನಿಂತ ಮೇಲೆ ಹಿತ್ತಿಲ ತುಂಬ ಹೇಳದೆ ಕೇಳದೆ ಸಸಿಗಳು ಎದ್ದವು. ಕುಂಬಳ, ಬಸಳೆ, ಕರ್ಣಕುಂಡಲ, ಹೆಸರೇ ಗೊತ್ತಿಲ್ಲದ ಹಳದಿ ಹೂವಿನದೊಂದು. ನಮ್ಮವರ ಕೈ ಹಳೆಯ ಅಭ್ಯಾಸದಲ್ಲಿ ಕೀಳಲು ಹೋಗಿ ಗಾಳಿಯಲ್ಲೇ ನಿಂತಿತು. "ತವರಿನ ಬುತ್ತಿ ಇದು," ಎಂದರು ತಮಗೆ ತಾವೇ. "ಒಗದ್ರ ಬೀಗರಿಗೆ ಅವಮಾನ ಆಗತೈತಿ." ಕುಂಬಳಬಳ್ಳಿಗೆ ಮಾತ್ರ ಹಗ್ಗ ಕಟ್ಟಿ, ಅಂಗಿ ಒಣಹಾಕಿದಂತೆ ನೆಟ್ಟಗೆ ಹಬ್ಬಿಸಿದರು. ಅಷ್ಟು ಇರಲಿ ಎಂದು ನಾನೂ ಸುಮ್ಮನಾದೆ. ನಿಂಬೆ ಆ ವರ್ಷ ಹಣ್ಣು ಬಿಡಲಿಲ್ಲ, ಚಿಗುರು ಬಿಟ್ಟಿತು. ಬಟ್ಟೆ ಕೊಡುವವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಬ್ಲೀಚಿಂಗ್ ಬಿಟ್ಟ ಮೇಲೆ ಮೈ ತುರಿಕೆ ನಿಂತಿದೆಯೆಂದು ಬಾಣಂತಿಯರ ಮನೆಗಳಿಂದ ಕೂಸಿನ ಅರಿವೆಗಳು ಬರತೊಡಗಿದವು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಹೇಳುತ್ತಿರಲಿಲ್ಲವೇನೋ. ಮರುಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಬಾಗಿಲು ಪೂರ್ತಿ ತೆರೆಯಲಿಲ್ಲ, ಹೊರಗೆ ಏನೋ ಅಡ್ಡ ಬಂದಿತ್ತು. ನಮ್ಮವರು ಸಂದಿಯಲ್ಲಿ ತೂರಿ ಹೊರಗೆ ಹೋದರು. ಬಾಗಿಲಿಗೆ ಒತ್ತಿಕೊಂಡು, ಕುಂಬಳದ ಬಳ್ಳಿಯ ನೆರಳಿಗೆ, ಒಂದು ದಿಬ್ಬ ಬೂದು ಬಣ್ಣದ ಮಣ್ಣು ಮುದುಡಿಕೊಂಡು ಕುಳಿತಿತ್ತು. ಒಣಗಿ ಪುಡಿಯಾಗಿತ್ತು. ಬಿಸಿಲನ್ನೇ ಕಾಣದೆ ಎಷ್ಟೋ ಕಾಲವಾದಂತೆ ಬಿಳಿಚಿಕೊಂಡಿತ್ತು. ಅದರ ಮೈಗೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಒಂದೆರಡು ಎಳೆ ಅಂಟಿದ್ದವು. ಯಾರ ಮನೆಯದೆಂದು ಕೇಳುವ ಹಾಗೇ ಇರಲಿಲ್ಲ. ಶಿವಮೂರ್ತೆಪ್ಪ ಮಾಸ್ತರರ ಫರಸಿ ಕಲ್ಲಿನ ಕೆಳಗಿನಿಂದ ಯಾವ ಸಂದಿಯಲ್ಲಿ ನುಸುಳಿ ಬಂತೋ ಪಾಪ.

ನಮ್ಮವರು ನನ್ನತ್ತ ತಿರುಗಿದರು. ಮಾಸ್ತರರ ಮೇಲಿನ ಸೇಡು ಮುಖದಲ್ಲಿ ಇದ್ದೀತೆಂದು ನೋಡಿದೆ, ಇರಲಿಲ್ಲ. ಕಣ್ಣು ತುಂಬಿಕೊಂಡಿದ್ದವು.

"ನಂದಾ," ಎಂದರು ಮೆಲ್ಲಗೆ, "ನಮ್ಮ ಮನಿಗೆ ಬಂದಾಳ. ತವರು ಅಂತ ಬಂದಾಳ."

ಮಾಸ್ತರರು ಹೊತ್ತು ಏರುವುದರೊಳಗೆ ತಟ್ಟೆ ಹಿಡಿದುಕೊಂಡು ಬಂದೇ ಬರುತ್ತಾರೆ. ಅವರಿಗೆ ಚಹಾ ಕೊಡಬೇಕು, ಏನು ಕಡಿಮೆಯಾಗಿತ್ತು ಅವಳಿಗೆ ಎಂದು ಕೇಳಬೇಕು. ಅದಕ್ಕೆಲ್ಲ ಸಮಯವಿದೆ. ನಮ್ಮವರು ಒಳಗೆ ಹೋಗಿ ನಿನ್ನೆಯ ಗಂಜಿಯ ಬೋಗುಣಿ ತಂದರು. ನಿಂಬೆಯ ಬುಡದಿಂದ ಎರಡು ಬೊಗಸೆ ಎಲೆ ತೆಗೆದು, ಈ ಸಲ ಅಂಚು ಕೂಡಿಸದೆ, ಸಮ ಮಾಡದೆ, ಬಂದವಳ ತಲೆಯ ಮೇಲೆ ಹಾಗೇ ಹೊದಿಸಿದರು.

"ಕುಂದರು ತಂಗಿ," ಎಂದರು. "ದಣದ ಬಂದೀ. ಮೊದಲ ಗಂಜಿ ಕುಡಿ."